ಬ್ಯಾಟಿಗೋ ಎದೆಗೋ

ಅಂಪೈರಾಗಿದ್ದ ರುದ್ರಯ್ಯ ಮೇಷ್ಟರು ಎತ್ತಿದ ಬೆರಳನ್ನು ಇನ್ನೂ ಇಳಿಸಿರಲಿಲ್ಲ. ಅಷ್ಟರಲ್ಲಿ ಅರ್ಧ ಹಾಸನವೇ ಮೈದಾನಕ್ಕೆ ನುಗ್ಗಿತ್ತು.

ಔಟಾದವನು ಗೌರೀಶಂಕರ. ಹೊಳೆನರಸೀಪುರದವರನ್ನು ಸೋಲಿಸಲು ಒಂದೇ ಒಂದು ಒಳ್ಳೆಯ ಹೊಡೆತ ಸಾಕಿತ್ತು. ಹಾಸನದ ಕಡೆ ಉಳಿದಿದ್ದುದು ಕೊನೆಯ ಜೋಡಿ. ಎದೆಯೆತ್ತರಕ್ಕೆ ಪುಟಿದ ಚೆಂಡಿಗೆ ಅವನು ಬ್ಯಾಟು ಬೀಸಿದ. ಟಕ್ ಎಂದು ಸದ್ದಾಯಿತು. ಹಿಂದೆ ನಿಂತಿದ್ದ ಕೀಪರ್ ಹಿಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸದ್ದು ಎಲ್ಲರಿಗೂ ಕೇಳಿತ್ತು. ಅದು ಯಾವುದರ ಸದ್ದು ಎನ್ನುವುದೇ ಜಗಳ. ಚೆಂಡು ಬ್ಯಾಟಿನ ಹತ್ತಿರಕ್ಕೂ ಸುಳಿದಿಲ್ಲ ಎಂದರು ಹಾಸನದವರು. ಲಿಂಗವಂತರ ಹುಡುಗ, ಅಂಗಿಯೊಳಗೆ, ಎದೆಯ ಮೇಲೆ, ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ಅದಕ್ಕೆ ಚೆಂಡು ಬಡಿದರೆ ಟಕ್ ಎನ್ನದೆ ಇನ್ನೇನೆಂದೀತು?

"ಬ್ಯಾಟಿಗೇ ತಾಗ್ತು ಸಾ," ಎಂದ ಗೌರೀಶಂಕರ. ಯಾರೂ ನಂಬಲಿಲ್ಲ. ಅಂಪೈರು ಸೋದರಮಾವ, ಉಂಡ ಮನೆಗೆ ಎರಡು ಬಗೆಯುವ ಹುಡುಗ ಅವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮಲ್ಲಿಪಟ್ಟಣದ ಅಕ್ಕನ ಮಗ ಎಂದು ಮೇಷ್ಟರು ಅವನನ್ನು ಚಿಕ್ಕಂದಿನಲ್ಲೇ ಕರೆತಂದಿದ್ದರು. ಊರಿನ ಲಿಂಗವಂತರ ಮನೆಗಳಲ್ಲಿ, ವಾರದಲ್ಲಿ ಮನೆಗೊಂದು ದಿನದಂತೆ, ಅವನಿಗೆ ಊಟ. ಹಣೆ ತುಂಬ ವಿಭೂತಿ. ಪೂಜೆಯನ್ನು ಮೇಷ್ಟರ ಮನೆಯಲ್ಲೇ ಮುಗಿಸಿಕೊಂಡು ಬರುತ್ತಿದ್ದ. ಎಂಥ ಬಿಸಿಲಲ್ಲೂ ಕತ್ತಿನ ಗುಂಡಿ ಬಿಚ್ಚದ ಸಂಕೋಚದವನು. ಸಾಹುಕಾರ್ ಪರಮಶಿವಯ್ಯನವರ ಹೆಂಡತಿ ಸುವರ್ಣಮ್ಮ ತಮ್ಮ ಮಕ್ಕಳನ್ನು ಬೈಯುವಾಗಲೆಲ್ಲ ಅವನ ಹೆಸರೇ ಹೇಳುವುದು.

ಈ ಪಂದ್ಯ ಗೆದ್ದು ಕಪ್ಪು ಊರಿಗೆ ಬಂದರೆ ಗೌರೀಶಂಕರನ ಮೈಸೂರು ಕಾಲೇಜಿನ ಖರ್ಚು ತಮ್ಮದು ಎಂದು ಸಾಹುಕಾರರು ಮಾತು ಕೊಟ್ಟಿದ್ದರು. ಬಾರದಿದ್ದರೆ ಕೊಣನೂರು ಸಂತೆಯಲ್ಲಿ ಮೂಟೆ ಹೊರುವುದೇ ಗತಿ. ಮೇಷ್ಟರ ಸಂಬಳ ಅವರ ಮನೆಗೇ ಸಾಲದು. ಅಂಥ ಹುಡುಗನ ಬಾಳಿಗೆ ಸ್ವಂತ ಮಾವನೇ ಕಲ್ಲು ಹಾಕಿದನಲ್ಲ ಎಂದು ಜನ ಬೈದರು. ಮೇಷ್ಟರು ಬೈಸಿಕೊಂಡರು.

ಸಂಜೆಗೆ ಜಗಳ ಸಾಹುಕಾರರ ಜಗಲಿ ಹತ್ತಿತು. ಹೊಳೆನರಸೀಪುರದ ಕ್ಯಾಪ್ಟನ್ ಪುಟ್ಟರಾಜು ದೊಡ್ಡ ಮನಸ್ಸಿನವನು. ಕಪ್ಪನ್ನು ತಂದು ಜಗಲಿಯ ಮೇಲೆ ಇಟ್ಟ.

"ಚೆಂಡು ಬಡ್ದು ಕರಡಿಗೆ ನಗ್ಗಿದ್ರೆ ತೋರ್ಸ್ಲಿ. ಕಪ್ ಇಲ್ಲೇ ಮಡಗ್ಬುಟ್ಟು ಓಯ್ತೀವಿ."

ಎಲ್ಲರ ಮುಖವೂ ಅರಳಿತು. ಮೇಷ್ಟರ ಮುಖ ಮಾತ್ರ ಬಿಳಿಚಿಕೊಂಡಿತು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎಂದು ಯಾರೋ ಪಕ್ಕದವನನ್ನು ತಿವಿದರು.

"ಲಿಂಗ ಅನ್ನೋದು ಸಂತೇಲಿ ತೋರ್ಸೋ ವಸ್ತುವಲ್ಲ," ಎಂದರು ಮೇಷ್ಟರು.

"ಅದೂ ಸರೀನೇ," ಎಂದರು ಸಾಹುಕಾರರು. "ಒಳಗೆ ದೇವರ ಮನೆಗೆ ಬರ್ಲಿ. ನಾನೊಬ್ಬನೇ ನೋಡ್ತೀನಿ."

ಹುಡುಗ ತಲೆ ತಗ್ಗಿಸಿ ನಿಂತ. ಮಾವನ ಮಾನ ಕಳೆಯಲು ಅವನಿಗೆ ಮನಸ್ಸಿಲ್ಲ ಎಂದುಕೊಂಡು ಜನ ಮರುಗಿದರು. ಅವನನ್ನು ನೋಡಿ ಮೇಷ್ಟರಿಗೆ ಅಳುವೇ ಬಂತು. ಇನ್ನು ದಾರಿ ಒಂದೇ ಉಳಿದಿತ್ತು.

"ನೋಡೋ ಅಗತ್ಯ ಇಲ್ಲ. ಬ್ಯಾಟಿಗೆ ತಾಗ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಅಳಿಯನ ಪರ ವಹಿಸ್ದ ಅಂತ ನಾಳೆ ನೀವೇ ಆಡ್ಕೋಬಾರ್ದು ಅಂತ ಬೇಕೂಂತ್ಲೇ ಔಟ್ ಕೊಟ್ಟೆ."

ಮೈದಾನದಲ್ಲಿ ಎತ್ತಿದ ಬೆರಳು ಎತ್ತಿದ್ದೇ, ಮನೆಯಲ್ಲಿ ಇಳಿಸಿದರೆ ಲೆಕ್ಕಕ್ಕಿಲ್ಲ ಎಂದು ಪುಟ್ಟರಾಜು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಯಾರೋ ಮೇಷ್ಟರ ಕಾಲಬುಡಕ್ಕೆ ಉಗಿದರು. ಮೇಷ್ಟರಿಗೆ ನೋವಾಗಲಿಲ್ಲ. ಮಾತು ಮುಗಿಯಿತು, ಇನ್ನು ಯಾರೂ ಏನನ್ನೂ ನೋಡಬೇಕಾಗಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಸರಿಯಾಗಿ ಉಸಿರಾಡಿದರು.

ಆಗ ಸಾಹುಕಾರರು ಎದ್ದುಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಇಂಥ ಮಾವನ ನೆರಳೂ ನಿಂಗೆ ಬ್ಯಾಡ ಕಣಪ್ಪ. ಕಪ್ ಓದ್ರೆ ಓಗ್ಲಿ, ಮೈಸೂರ್ಗೆ ನಾನು ಕಳುಸ್ತೀನಿ. ಅಲ್ಲೀಗಂಟ ನಮ್ಮನೇಲೇ ಇರು. ನಾಳೆ ಬೆಳಿಗ್ಗೆಯಿಂದ ನನ್ನ ಪಕ್ಕದಾಗೆ ಕೂತು ಲಿಂಗಪೂಜೆ ಮಾಡು."

ಜನ ಭೇಷ್ ಎಂದರು. ಸುವರ್ಣಮ್ಮ ಆಗಲೇ ಒಳಗೆ ಅವನಿಗೆ ಊಟದ ಮಣೆ ಹಾಕುತ್ತಿದ್ದರು. ಮೇಷ್ಟರು ಬಾಯಿ ತೆರೆದರು. ತಾನೇ ಸುಳ್ಳುಗಾರ ಎಂದು ಒಪ್ಪಿಕೊಂಡವನ ಮಾತನ್ನು ಇನ್ನು ಯಾರು ಕೇಳುತ್ತಾರೆ? ಸಾಹುಕಾರರು ಹುಡುಗನ ಕೈಹಿಡಿದು ಹೊಸ್ತಿಲು ದಾಟಿಸಿದರು. ಒಮ್ಮೆ ಮಾತ್ರ ಅವನು ತಿರುಗಿ ನೋಡಿದ.

ಚೆಂಡು ಬ್ಯಾಟಿಗೇ ತಾಗಿತ್ತು. ಮಲ್ಲಿಪಟ್ಟಣದ ಊರಾಚೆಯ ಕೇರಿಯಿಂದ ಮೇಷ್ಟರು ಕರೆತಂದಿದ್ದ ಆ ಹುಡುಗನ ಎದೆಯ ಮೇಲೆ ಕರಡಿಗೆಯೂ ಇರಲಿಲ್ಲ, ಲಿಂಗವೂ ಇರಲಿಲ್ಲ.