ಅವ್ವಾ, ಉಂಡ್ಯಾ?

ಪ್ರಯೋಗಾಲಯದ ತೊಟ್ಟಿಯ ನೀರಿನೊಳಗೆ ಅಡಗಿಸಿಟ್ಟ ಮೆಟ್ಟಿಲನ್ನು ಇಲಿ ಇವತ್ತೂ ಮರೆತು ಸುಮ್ಮನೆ ಸುತ್ತುತ್ತಿತ್ತು. ಪ್ರಯೋಗಕ್ಕೆಂದು ಸಕ್ಕರೆ ಕಾಯಿಲೆ ಬರಿಸಿದ ಇಲಿ ಅದು. ನೆನಪನ್ನು ಸಾಗಿಸುವ ರಾಸಾಯನಿಕ ಅದರ ಮಿದುಳಿನಲ್ಲಿ ಬತ್ತುತ್ತಿದೆ ಎಂದು ಪ್ರಮೀಳಾಗೆ ಗೊತ್ತಿತ್ತು. ಅಷ್ಟರಲ್ಲಿ ಪಾಲಹಳ್ಳಿಯಿಂದ ಅಪ್ಪ ಕೆಂಪಣ್ಣನ ಫೋನು ಬಂತು. ಅವನಿಗೂ ಹಳೆಯ ಸಕ್ಕರೆ ಕಾಯಿಲೆ; ಈಚೆಗೆ ಮರೆವೂ ಶುರುವಾಗಿತ್ತು.

"ಅವ್ವಾ, ಉಂಡ್ಯಾ?"

ಅವಳಿಗೆ ಹೋದ ಜೀವ ಬಂದಂತಾಯಿತು. ಹುಟ್ಟಿದಾಗಿನಿಂದ ಅಪ್ಪ ಅವಳನ್ನು ಮುದ್ದಿನಿಂದ ಕರೆಯುತ್ತಿದ್ದದ್ದೇ ಹಾಗೆ. ಅಷ್ಟಾದರೂ ಉಳಿದಿದೆಯಲ್ಲ!

"ಉಂಡೆ ಕಣಪ್ಪ. ಇನ್ಸುಲಿನ್ನು ಆಕುಸ್ಕಂಡ್ಯಾ?"

"ಅವ್ವಾ, ಅಪ್ಪ ಗದ್ದೆಯಿಂದ ಬಂದ್ನಾ?" ಅವನು ಪಿಸುಗುಟ್ಟಿದ. "ನಾನು ಇವತ್ತು ಇಸ್ಕೂಲ್‌ಗೆ ಓಗ್ನಿಲ್ಲ. ನನ್ನ ಒಡೀಬ್ಯಾಡ ಅಂತ ಯೋಳವ್ವಾ."

ಪ್ರಮೀಳಾ ಇಲಿಯನ್ನು ನೀರಿನಿಂದ ಎತ್ತಿಕೊಂಡಳು.

"ಯೋಳ್ತೀನಿ ಮಗ," ಎಂದಳು.