ಹೂವಿನ ಅಪ್ಪಣೆ

ಮಾಕಾಳಮ್ಮನ ಪಾದದ ಬಳಿಯಿದ್ದ ಎರಡು ಎಲೆಪೊಟ್ಟಣಗಳಲ್ಲಿ ಒಂದನ್ನು ಲೋಗನಾಥ ಎತ್ತಿಕೊಂಡಾಗ ಪೂಜಾರಿ ತಿಮ್ಮರಾಯ ಉಸಿರು ಬಿಗಿಹಿಡಿದ. ಬಿಳಿ ಹೂ ಬಂದರೆ ಅಮ್ಮ ಒಪ್ಪಿದಂತೆ, ಕೆಂಪು ಬಂದರೆ ಬೇಡವೆಂದಂತೆ. ಉಡುಮಲೈ ಕಡೆ ಮದುವೆಗಾಗಲಿ, ಬಾವಿ ತೋಡುವುದಕ್ಕಾಗಲಿ ಜನ ಹೀಗೆಯೇ ಹೂ ಕೇಳುತ್ತಾರೆ. ಆದರೆ ಊರನ್ನು ಶುದ್ಧ ಮಾಡುತ್ತೇವೆಂದು ಪಡೆ ಕಟ್ಟಿದ್ದ ಅವನ ತಂಗಿಯ ಮಗ ಲೋಗನಾಥ ಕೇಳಲು ಬಂದದ್ದು, ಇರ್ಫಾನನ ಕೊಬ್ಬರಿ ಶೆಡ್ಡಿಗೆ ಬೆಂಕಿ ಇಡಬಹುದೇ ಎಂದು. ಇರ್ಫಾನನ ಹೆಂಡತಿ ಮಕ್ಕಳು ಇರುವುದೂ ಅದೇ ಶೆಡ್ಡಿನ ಹಿಂದೆ.

ಬೈದು ತಡೆಯುವ ಕಾಲ ಎಂದೋ ಮುಗಿದಿತ್ತು. ಆದರೆ ಪೊಟ್ಟಣ ಕಟ್ಟುವವನು ತಿಮ್ಮರಾಯನೇ. ಜೀವಮಾನದಲ್ಲಿ ದೇವರಿಗೆ ಮಾಡದ ಮೋಸವನ್ನು ಇಂದು ಮಾಡಿದ್ದ. ಎರಡರಲ್ಲೂ ಕೆಂಪು ಕಣಗಿಲೆಯನ್ನೇ ಇಟ್ಟಿದ್ದ.

ಎಲೆ ಬಿಚ್ಚಿತು. ಕೆಂಪು. ಹಿಂದೆ ನಿಂತಿದ್ದ ಪಡೆಯ ಹುಡುಗ ಸೆಂದಿಲ್ ಪೆಟ್ರೋಲ್ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟ.

"ಅಮ್ಮ ಬೇಡ ಅಂತಾಳಪ್ಪ. ಎಲ್ಲಾರೂ ಮನೆಗೆ ಹೋಗಿ," ಎಂದ ತಿಮ್ಮರಾಯ.

ಲೋಗನಾಥ ಹೂವನ್ನು ಕಣ್ಣಿಗೊತ್ತಿಕೊಂಡ. "ಕಲ್ಯಾಣಕ್ಕೆ ಕೇಳಿದ್ರೆ ಕೆಂಪು ಬೇಡ ಅಂತ ಅರ್ಥ, ಮಾಮಾ. ಯುದ್ಧಕ್ಕೆ ಕೇಳಿದ್ರೆ? ಅಮ್ಮ ರಕ್ತ ಕೇಳ್ತಾಳೆ."

ಸೆಂದಿಲ್‌ಗೆ ಇನ್ನೂ ಅನುಮಾನ. ಬಾಗಿ, ಉಳಿದ ಪೊಟ್ಟಣವನ್ನೂ ತಾನೇ ಬಿಚ್ಚಿ ನೋಡಿದ. ಹೂವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದೂ ಕೆಂಪು! ಅಮ್ಮ ಎರಡೆರಡು ತಡವೆ ಹೇಳಿದಾಳೆ!" ಎಂದು ಕೂಗಿ, ಕ್ಯಾನು ಎತ್ತಿಕೊಂಡು ಅವನೇ ಎಲ್ಲರಿಗಿಂತ ಮೊದಲು ಓಡಿದ.