ಮಾರ್ಚ್ ಹದಿನಾಲ್ಕರ ಬೆಲೆ

“ಇದು ನಿಮ್ಮಪ್ಪನ ಸಹಿ ಅಲ್ಲ ಅಂತ ಹೇಳು, ನೋಡೋಣ.”

ಮರದ ವ್ಯಾಪಾರಿ ಹಳದಿಗೆ ತಿರುಗಿದ ಹಾಳೆಯನ್ನು ವಕೀಲರ ಮೇಜಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದಿದ್ದ. ಕೈ ತೆಗೆದರೆ ನಾದಿನಿ ಎಲ್ಲಿ ಹರಿದುಹಾಕುತ್ತಾಳೋ ಎಂಬ ಅನುಮಾನ ಅವನಿಗೆ.

ಅವಳು ಬಗ್ಗಿ ನೋಡಿದಳು. “ಸಹಿ ಅಪ್ಪಂದೇ.”

“ಅಬ್ಬಾ!” ಅವನು ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಕಡೆ ತಿರುಗಿದ. “ನಿನ್ನ ತಂಗಿ ಬಾಯಲ್ಲಿ ಒಂದು ನಿಜ ಬಂತು.”

“ಸಹಿ ಅಪ್ಪಂದು. ಮೇಲಿರೋದೆಲ್ಲ ನಿಮ್ಮದು, ಭಾವ. ಮಳಿಗೆ ಕಾಗದಪತ್ರಕ್ಕೆ ಬೇಕು ಅಂತ ಅಪ್ಪನ ಹತ್ತಿರ ಎಷ್ಟು ಖಾಲಿ ಹಾಳೆಗೆ ಸಹಿ ಹಾಕಿಸ್ಕೊಂಡಿದ್ರಿ, ನೆನಪಿದೆಯಾ?”

“ಬರೆದದ್ದು ನಾನೇ. ಯಾರು ಇಲ್ಲ ಅಂದ್ರು? ಮಾವನ ಕಣ್ಣಿಗೆ ಆಗ ಪೊರೆ ಬಂದಿತ್ತು. ಅವರು ಹೇಳಿದ್ರು, ನಾನು ಬರೆದೆ, ಅವರು ಸಹಿ ಹಾಕಿದ್ರು. ಅಷ್ಟೇ.”

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಉಯಿಲು ಬರೆದವರು ಇದೇ ವಕೀಲರು. ಮನೆ ದೊಡ್ಡ ಮಗಳಿಗೆ, ಬಣ್ಣದ ಕಂಪನಿಯ ಷೇರುಗಳೆಲ್ಲ ಚಿಕ್ಕವಳಿಗೆ. ಮನೆ ಆಗಲೇ ದೊಡ್ಡವಳ ಹೆಸರಿಗೆ ಬಂದಿತ್ತು. ಮುಂದಿನ ಕೋಣೆಗಳಲ್ಲಿ ಪ್ಲೈವುಡ್ ಇತ್ತು, ಹಿಂದಿನ ಕೋಣೆಯಲ್ಲಿ ಅತ್ತೆ ಇದ್ದರು. ಷೇರು ಮಾರಿ ಎರಡು ಕೋಣೆಯ ಮನೆ ಕೊಂಡು ಅಮ್ಮನನ್ನು ಕರೆದೊಯ್ಯುತ್ತೇನೆ ಎಂದು ಚಿಕ್ಕವಳು ಹೊರಟಾಗ ಈ ಹಾಳೆ ಹೊರಬಂತು.

ಹಾಳೆಯ ಮೇಲಿದ್ದ ತಾರೀಕು ಹನ್ನೊಂದು ವರ್ಷ ಹಿಂದಿನ ಮಾರ್ಚ್ ಹದಿನಾಲ್ಕು. ವಕೀಲರು ಗಟ್ಟಿಯಾಗಿ ಓದಿದರು: “ನನ್ನ ನಾಲ್ಕು ಸಾವಿರ ಷೇರುಗಳನ್ನು ಇಂದಿನ ಪೇಟೆ ಬೆಲೆ 182.40ರಂತೆ ನನ್ನ ಹಿರಿಯ ಅಳಿಯನಿಗೆ ಮಾರಿ, ಪೂರ್ತಿ ಹಣ ಪಡೆದಿದ್ದೇನೆ. ಅವನು ಕೇಳುವವರೆಗೆ ಷೇರುಗಳು ನನ್ನ ಹೆಸರಿನಲ್ಲೇ ಇರುತ್ತವೆ.”

“ಹನ್ನೊಂದು ವರ್ಷ ಯಾಕೆ ಕೇಳಲಿಲ್ಲ?” ನಾದಿನಿ ಕೇಳಿದಳು.

“ಮನೆತನದ ಮರ್ಯಾದೆ ನೋಡಿ ಸುಮ್ಮನಿದ್ದೆ. ನಿನಗೆ ಆ ಪದದ ಅರ್ಥ ಗೊತ್ತಾಗಲ್ಲ ಬಿಡು.” ಅವನು ಕುರ್ಚಿಯನ್ನು ಮುಂದಕ್ಕೆಳೆದ. “ನೋಡಿ ವಕೀಲರೇ, ನಾನು ಮರದವನು. ಷೇರಿನ ಗಂಧಗಾಳಿ ಇಲ್ಲ ನನಗೆ. ಸುಳ್ಳು ಬರೆಯೋನಾಗಿದ್ರೆ ನೂರು ಅಂತಲೋ ಇನ್ನೂರು ಅಂತಲೋ ಗೀಚ್ತಿದ್ದೆ. ನೂರ ಎಂಬತ್ತೆರಡು ನಲವತ್ತು ಅಂತ ನನಗೇನು ಕನಸು ಬಿತ್ತಾ? ಷೇರುಪೇಟೆಯ ಹಳೇ ಬೆಲೆಗಳ ಪಟ್ಟಿ ಸಿಗುತ್ತಂತಲ್ಲ, ತೆಗೀರಿ. ತಾಳೆ ಆಗದಿದ್ರೆ ಈ ಹಾಳೇನ ನಾನೇ ಇಲ್ಲೇ ಹರೀತೀನಿ.”

“ತಾಳೆ ಆದ್ರೆ?”

“ನಿನ್ನ ಬಾಯಿಗೆ ಬೀಗ.”

ವಕೀಲರು ಕಂಪ್ಯೂಟರಿನ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು. ಕಂಪನಿಯ ಹೆಸರು ಒತ್ತಿ, ವರ್ಷ ಆರಿಸಿದರು. ದಿನಕ್ಕೊಂದು ಸಾಲು. ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ. ಸಾಲುಗಳು ಸರಸರನೆ ಮೇಲೆ ಹೋದವು. ಫೆಬ್ರವರಿ ಕಳೆಯಿತು. ವಕೀಲರ ಬೆರಳು ನಿಂತಿತು.

“ಮಾರ್ಚ್ ಹದಿನಾಲ್ಕು. ಮುಕ್ತಾಯದ ಬೆಲೆ…” ಅವರು ಕನ್ನಡಕ ಸರಿಪಡಿಸಿಕೊಂಡರು. “ನೂರ ಎಂಬತ್ತೆರಡು ನಲವತ್ತು.”

ಅವನು ಜೋರಾಗಿ ನಕ್ಕ.

“ಪತ್ರಿಕೆ ಆಫೀಸಲ್ಲಿ ಕೂತು ಅಲ್ಪವಿರಾಮ ಹೆಕ್ಕೋಳಿಗೆ ಇಷ್ಟು ದಪ್ಪ ಅಂಕಿ ಕಾಣಿಸ್ತಾ? ಇಲ್ಲ ನಾನೇ ಓದಿ ಹೇಳ್ಲಾ?”

ನಾದಿನಿ ಪರದೆಯಿಂದ ಕಣ್ಣು ಕೀಳಲಿಲ್ಲ.

“ಸಾಕು ಮಾಡೇ,” ಎಂದಳು ಅಕ್ಕ. “ಅಮ್ಮನ್ನ ನಾವೇ ನೋಡ್ಕೋತಿದೀವಲ್ಲ.”

“ನೋಡ್ಕೋತಿದೀರ. ಪ್ಲೈವುಡ್ ಸಂದೀಲಿ.” ಅವಳು ಭಾವನ ಕಡೆ ತಿರುಗಿದಳು. “ಈ ಬೆಲೆ ಆವತ್ತು ನಿಮಗೆ ಹೇಗೆ ಗೊತ್ತಾಯ್ತು?”

“ಸಂಜೆ ಟೀವಿಯಲ್ಲಿ ಹೇಳಿದ್ರು. ಮಾವ ಕೇಳಿಸ್ಕೊಂಡು ನನಗೆ ಬರೆಸಿದ್ರು.”

“ನಾಲ್ಕು ಸಾವಿರ ಷೇರು ಅಂತಾನೂ ಅಪ್ಪನೇ ಬರೆಸಿದ್ರಾ?”

“ಮತ್ತೆ? ನಿಮ್ಮಪ್ಪನ ಪೆಟ್ಟಿಗೆ ನಾನೇನು ತೆಗೆದು ನೋಡಿದ್ನಾ? ಒಂದೊಂದು ಅಂಕೀನೂ ಅವರದೇ.”

“ಹಾಗಂತ ಬರೆದು ಸಹಿ ಹಾಕ್ತೀರಾ?”

“ನೂರು ಸಲ ಹಾಕ್ತೀನಿ, ತಗೊಂಬಾ.”

ವಕೀಲರು ಅವನ ಮಾತನ್ನು ನಾಲ್ಕು ಸಾಲಿನಲ್ಲಿ ಬರೆದು ಮುಂದಿಟ್ಟರು. ಅವನು ಎರಡು ಸಲ ಓದಿ, ಪೆನ್ನನ್ನು ಒತ್ತಿ ಸಹಿ ಹಾಕಿದ. “ಖಾಲಿ ಹಾಳೆ ಅಲ್ಲ, ಚೆನ್ನಾಗಿ ನೋಡ್ಕೋ,” ಎಂದು ಹಾಳೆಯನ್ನು ನಾದಿನಿಯತ್ತ ತಳ್ಳಿದ.

ಅವಳು ಚೀಲದಿಂದ ಒಂದು ನೆರಳಚ್ಚು ಪ್ರತಿ ತೆಗೆದಳು. ಹನ್ನೊಂದು ವರ್ಷ ಹಿಂದಿನ ಮಾರ್ಚ್ ಹದಿನೈದರ ಪತ್ರಿಕೆ, ಪೇಟೆಯ ಪುಟ. ಬಣ್ಣದ ಕಂಪನಿಯ ಹೆಸರಿನ ಮುಂದೆ ಹಿಂದಿನ ದಿನದ ಮುಕ್ತಾಯದ ಬೆಲೆ ಅಚ್ಚಾಗಿತ್ತು: 1,824.

“ಅಚ್ಚಿನ ತಪ್ಪು,” ಎಂದ ಅವನು ತಕ್ಷಣ. “ನಿಮ್ಮ ಪತ್ರಿಕೆ ತಾನೇ? ಪ್ರೂಫ್ ನೋಡಿದೋಳು ನೀನೇ ಇರ್ಬೇಕು.”

ಅವಳು ಇನ್ನೊಂದು ಕಾಗದ ತೆಗೆದು ವಕೀಲರಿಗೆ ಕೊಟ್ಟಳು. ಹೋದ ವರ್ಷ ಕಂಪನಿ ತನ್ನ ಷೇರುದಾರರಿಗೆಲ್ಲ ಕಳಿಸಿದ್ದ ಪತ್ರ. ವಕೀಲರು ಮೊದಲ ಸಾಲು ಓದುತ್ತಲೇ ಧ್ವನಿ ತಗ್ಗಿಸಿದರು: “ಒಂದೊಂದು ಷೇರನ್ನೂ ಹತ್ತಾಗಿ ಒಡೆದಿದ್ದೇವೆ.” ಆಮೇಲೆ ಪರದೆಯ ತಳಕ್ಕೆ ಹೋಗಿ, ಅಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದರು: “ಷೇರು ಒಡೆದ ಲೆಕ್ಕಕ್ಕೆ ಸರಿಹೋಗುವಂತೆ, ಹಿಂದಿನ ವರ್ಷಗಳ ಬೆಲೆಗಳನ್ನೂ ಹತ್ತರಿಂದ ಭಾಗಿಸಿ ತೋರಿಸಲಾಗಿದೆ.”

“ಅಪ್ಪನ ಹತ್ತಿರ ಇದ್ದಿದ್ದು ನಾನೂರೇ ಷೇರು, ಭಾವ,” ಎಂದಳು ನಾದಿನಿ. “ಅದು ನಾಲ್ಕು ಸಾವಿರ ಆಗಿದ್ದೂ, ಆ ದಿನಕ್ಕೆ ನೂರ ಎಂಬತ್ತೆರಡು ನಲವತ್ತು ಅನ್ನೋ ಬೆಲೆ ಹುಟ್ಟಿದ್ದೂ ಅವರು ಸತ್ತ ಮೇಲೆ.”